ಕೈಯಾಗ ನಾಕು

ರಾತ್ರಿ ಹತ್ತಕ್ಕ ಗಂಜಿನ ದಾಲ್ ಮಿಲ್ಲು ಬಂದ್ ಆಗ್ತದ.
ಅಲ್ಲೀತನ ನಮ್ಮನಿ ಗ್ವಾಡಿಗೂ ಮೈನಡುಕ,
ಪೆನ್ಸಿಲ್ಲು ತಾನೇ ತಾನು ಉರುಳಿ ಅಂಚಿಗೆ ಬರ್ತದ.
ಬಂದಾದ ಮ್ಯಾಲೆ ಕಿವಿಯೊಳಗ ಒಂದು ಖಾಲಿ ಜಾಗ.
ಅದರಾಗ ಕುಂತು ನಾ ಲೆಕ್ಕ ಮಾಡ್ತೀನಿ.

ಸಮಾಂತರ ಶ್ರೇಢಿ. ಹದಿನೆಂಟನೇ ಪದ ಕಂಡುಹಿಡಿ.
ಮೊದಲಿನದು ನಾಕು, ನಡುವಿನ ಅಂತರ ಏಳು.
ಅವ್ವನ ತಲೆದಿಂಬಿನ ಬುಡಕ ಫೋನು ಗುಂಯ್ ಅಂತದ.
ಗೌಸಿಯಾ ಇರಬೇಕು. ಅವರಣ್ಣನ ಶಾದಿ,
ಎರಡೂ ಕೈಗೆ ಮೆಹಂದಿ, ಒಂದೇ ಬೆರಳಿಲೆ ಒತ್ತಿದ ಮಾತು:
ವಹಿ ತಾ ಮರೀಬ್ಯಾಡ.
ಇಲ್ಲಾ ಪಂಚಶೀಲಾ. ಖೋಖೋದಾಗ ಮೊಣಕಾಲು ಕೆತ್ತಿಸಿಕೊಂಡು
ಆ ಗಾಯದ್ದೇ ನಾಕು ಫೋಟೋ ಕಳಿಸ್ಯಾಳ.

ಹದಿನೇಳೇಳ್ಲೆ.
ಏಳೇಳ್ಲೆ ನಲವತ್ತೊಂಬತ್ತು, ಒಂಬತ್ತು ಬರಿ,
ಕೈಯಾಗ ನಾಕು.
ಗುಂಯ್.
ಕೈಯಾಗ ಮೂರು ಅಂತ ಇಟ್ಟೆ.

ಮುಂಜಾನೆ ನನ್ನ ವಹಿ ಊರು ತಿರುಗಲಾಕ ಹೋಗ್ತದ.
ಹುಮನಾಬಾದ್ ಬೇಸಿನ ಬಲ್ಲಿ ಪಂಚಶೀಲಾನ ಸೈಕಲ್ಲಿಗೆ,
ಬಂಡಿ ಮುಂದ ನಿಂತು ಸುಸಲಾ ತಿನ್ಕೋತ ಬರೀತಾಳ ಅಕಿ.
ಮಿರ್ಚಿ ಎಣ್ಣಿ ಬಿದ್ದಲ್ಲಿ ಕಾಗದಕ್ಕ ಕಿಟಕಿ,
ಹಿಂದಿನ ಪುಟದ ಅಂಕಿ ಇಣುಕಿ ನೋಡ್ತಾವ.
ಅಲ್ಲಿಂದ ಗೌಸಿಯಾನ ಆಟೋಕ್ಕ,
ಏಳು ಮಂದಿ ನಡುವ ಒಂದು ಮೊಣಕಾಲಿನ ಮ್ಯಾಲೆ.
ಹೊಂಡಕ್ಕೊಂದು ಸೊಟ್ಟ ಗೆರಿ.

ಕೊನಿಗೆ ಭಾಗ್ಯವಂತಿ.
ಪ್ರಾರ್ಥನಿ ಗಂಟಿಗೆ ಐದು ನಿಮಿಷ ಇರೂದರಾಗ ಓಡ್ಕೋತ ಬರ್ತಾಳ.
ನಾಕಕ್ಕ ಎದ್ದು ಅವ್ವನ ಸಂಗಟ ರೊಟ್ಟಿ ಬಡದು,
ಸೂಪರ್ ಮಾರ್ಕೆಟ್ಟಿನ ಮೂರು ಖಾನಾವಳಿಗೆ
ನಲವತ್ತು, ಅರವತ್ತೈದು, ಐವತ್ತು ಅಂತ ಎಣಿಸಿ ಕೊಟ್ಟು,
ಹಳೇ ಬಾಕಿ ಬಾಯಿಲೆ ಕೂಡಿಸಿ ವಸೂಲಿ ಮಾಡಿ ಬರೋಳು.
ಪಾಪ, ಅಕಿಗೆಲ್ಲಿ ಪುರಸೊತ್ತು, ಅಕಿಗೆಲ್ಲಿ ಲೆಕ್ಕ ಬರ್ತದ
ಅಂತ ನಾವೇ ಅಂದ್ಕೊಂಡಿದ್ವಿ.

ಮಾಡಬೂಳ ಸರ್ ಮೂರು ವಹಿ ಒಂದರ ಮ್ಯಾಲೊಂದು ಇಟ್ಟರು.
"ಹದಿನೇಳೇಳ್ಲೆ ನೂರಾ ಒಂಬತ್ತು?
ತಪ್ಪು ಮಾಡಲಿಕ್ಕೂ ತೆಲಿ ಬೇಕವ್ವ.
ಮೂವರಿಗೂ ಒಂದೇ ತೆಲಿ ಅದ ಏನು?
ಹೊರಗ ನಿಂದರ್ರಿ."

ಬಾಗಲಕ್ಕ ಹೋಗೂ ದಾರಿಯಾಗ ಕೊನೇ ಬೆಂಚು.
ಭಾಗ್ಯವಂತಿ ವಹಿ ತೆರದೇ ಇತ್ತು.
119. ಸಣ್ಣ ಅಕ್ಷರ, ನನ್ನ ಹಾದಿ ಅಲ್ಲ,
ನಾ ಮೂರು ಸಾಲಿನಾಗ ಮಾಡಿದ್ದು ಅಕಿ ಎರಡೇ ಸಾಲಿನಾಗ ಮಾಡ್ಯಾಳ.
ಎಷ್ಟು ದಿನದಿಂದ ನನ್ನ ವಹಿ ಇಸ್ಕೊಂಡು
ಹಂಗೇ ಮುಚ್ಚಿ ವಾಪಸ್ ಕೊಡ್ತಿದ್ದಳೋ.
ನಾ ನೋಡಿದ್ದು ಅಕಿ ನೋಡಿದಳು.

ಸರ್ ಇನ್ನೂ ಆ ಸಾಲಿಗೆ ಬಂದಿರಲಿಲ್ಲ.
ಅಕಿ ಬೆರಳಿಗೆ ಉಗುಳು ಹಚ್ಚಿ
ನಡುವಿನ ಒಂದರ ಮ್ಯಾಲೆ ತಿಕ್ಕಿದಳು, ತಿಕ್ಕಿದಳು,
ಹಿಟ್ಟಿನ ವಾಸನಿ ಬೆರಳು.
ಕಾಗದ ಹರೀತು.
ತೂತೇ ಸೊನ್ನಿ ಆತು.
ಕೆಳಗಿನ ಉತ್ತರ ಮಾತ್ರ ಖರೇನೇ ಉಳದಿತ್ತು,
ಸರ್ ನೋಡಲಿಲ್ಲ. ಇಲ್ಲಾ, ನೋಡಿದರು.
"ನೀನೂ ಹೋಗು" ಅಂದರು, ದನಿ ಸಣ್ಣ ಮಾಡಿ.

ಮಾರ್ಚಿನ ಬಿಸಲು. ಕಲಬುರಗಿಯಾಗ ಹನ್ನೊಂದಕ್ಕೇ ನೆಲ ಹಂಚು.
ಒಂದೇ ಬೇವಿನ ಗಿಡ, ಅದರ ಚಾಪಿಯಷ್ಟು ನೆರಳಿಗೆ ನಾವು ನಾಕು ಮಂದಿ.
ಗೌಸಿಯಾ ಸಲವಾರಿನ ಕಿಸೆದಿಂದ
ಶಾದಿಯ ಒಡದ ಲಾಡು ತೆಗದಳು.
ಪಂಚಶೀಲಾ ಗಾಯದ ಹೆಕ್ಕಳ ಎಬ್ಬಿಸಿ ತೋರಿಸಿದಳು.
ವಾರದಾಗ ಮೊದಲ ಸಲ
ಯಾರಿಗೂ ಎಲ್ಲಿಗೂ ಹೋಗಬೇಕಾಗಿರಲಿಲ್ಲ,
ಟ್ಯೂಷನ್ ಇಲ್ಲ, ರೊಟ್ಟಿ ಇಲ್ಲ, ಗುಂಯ್ ಇಲ್ಲ.

"ಯಾಕ ಅಳಿಸಿದಿ?" ಅಂದೆ.
"ನಿನ್ನ ಮೂರನೇ ಲೆಕ್ಕನೂ ತಪ್ಪದ, ನೋಡ್ಕೋ" ಅಂದಳು ಭಾಗ್ಯವಂತಿ,
ಅಂದಾಕಿ ಗಿಡಕ್ಕ ಬೆನ್ನು ಹಚ್ಚಿ
ನಿಂತಲ್ಲೇ ನಿದ್ದಿ ಹೋದಳು.

ನಾವು ಮೂವರು ದನಿ ಇಳಿಸಿದ್ವಿ.
ಅಕಿ ಜಡಿ ಮ್ಯಾಲೆ ಬೇವಿನ ಹೂವು ಉದುರತಿದ್ದವು.
ಪಂಚಶೀಲಾ ಕುಂಟಕೋತ ಸರದು
ಬಿಸಲು ಬರೂ ಕಡಿ ನಿಂತಳು.