ಕಾಣೆಯಾದವನ ಬಾಬತ್ತು

ನುವಾದಿಬುವಿನ ಮೀನುಪೇಟೆಯ ಮೇಲ್ಮಹಡಿಯಲ್ಲಿ
ಎರಡು ಕೋಣೆ, ಒಂದು ಫ್ಯಾನು, ಹದಿನೇಳು ದಫ್ತರು.
ಇಪ್ಪತ್ತೆರಡು ವರ್ಷದಿಂದ ನಾನಿಲ್ಲಿ ಗುಮಾಸ್ತ.
ಶೇಖ್ ಯಸ್ಲಿಮ್ ಹೇಳುತ್ತಾರೆ, ನಾನು ಬರೆಯುತ್ತೇನೆ,
ಅವರು ಮೊಹರು ಒತ್ತುತ್ತಾರೆ.
ಕಿಟಕಿ ತೆರೆದರೆ ಮೀನಿನ ನಾತ,
ಮುಚ್ಚಿದರೆ ಹಳೆ ಕಾಗದದ್ದು.

ಅವರ ಬಗ್ಗೆ ಬರೆದು ಕಳಿಸಿ ಎಂದಿದ್ದಾರೆ ರಾಜಧಾನಿಯಿಂದ,
ಸನ್ಮಾನವಂತೆ, ಒಂದು ಪುಟ ಸಾಕಂತೆ.
ಬರೆದೆ:
ಹುಟ್ಟಿದ್ದು ವಾದಾನಿನಾಚೆ ಒಂದು ಬಾವಿಯ ಬಳಿ,
ಮಿಡತೆ ಬಂದ ವರ್ಷ.
ಗುರು, ತಾಯಿಯ ಚಿಕ್ಕಮ್ಮ; ಶಾಲೆ, ಅವಳ ಗುಡಾರ.
ಇದ್ದಿಲು, ಜಾಲಿಯಂಟು ಕಲಸಿದ ಮಸಿ,
ಮರದ ಹಲಗೆಯ ಮೇಲೆ ದಿನಕ್ಕೆ ಐದು ಸಾಲು ಕಾನೂನು.
ಬಾಯಿಪಾಠವಾದ ಮೇಲೆ ಹಲಗೆ ತೊಳೆದು
ಆ ಕಪ್ಪು ನೀರನ್ನು ಯಾರೂ ತುಳಿಯದ ಕಡೆ ಚೆಲ್ಲಬೇಕು;
ಹುಡುಗ ಕುಡಿದುಬಿಡುತ್ತಿದ್ದ, ಬಾಯಾರಿಕೆಗೆ.
ಆಮೇಲೆ ತ್ಯೂನಿಸ್ಸಿನಲ್ಲಿ ಏಳು ವರ್ಷ,
ಪದವಿ, ಕನ್ನಡಕ,
ಆಮೇಲೆ ಖಾಝಿಯ ಕುರ್ಚಿ.
ಕೊಲ್ಲಿಯ ಬ್ಯಾಂಕೊಂದು ಕರೆದು ಮಂಡಳಿಯಲ್ಲಿ ಕೂರಿಸಿತು;
ಎರಡೇ ಸಭೆಗೆ ವಾಪಸ್ಸು ಬಂದರು,
'ನನ್ನ ತಲೆ ಅವರಿಗೆ ಬೇಡ, ಬೆರಳು ಸಾಕು' ಎಂದು.
ಇಷ್ಟಕ್ಕೇ ಪುಟ ತುಂಬಿತು. ಕಳಿಸಿದೆ.

ಬರೆಯದೆ ಬಿಟ್ಟದ್ದು ಇದು.

ದೋಣಿ ಹತ್ತಿ ದ್ವೀಪಗಳ ಕಡೆ ಹೋದವರ ಹೆಂಡಿರು
ನಮ್ಮ ಮೆಟ್ಟಿಲು ಹತ್ತಿ ಬರುತ್ತಾರೆ.
ಕಾಣೆಯಾದವನ ಬಾಬತ್ತು: ನಾಲ್ಕು ವರ್ಷ ಕಾಯತಕ್ಕದ್ದು,
ಮೇಲೆ ಇದ್ದತ್ತು, ನಾಲ್ಕು ತಿಂಗಳು ಹತ್ತು ದಿನ,
ಆಮೇಲೆ ಬಿಡುಗಡೆ.
ಹನ್ನೊಂದು ಸಲ ಬರೆದಿದ್ದೇನೆ
ಒಂದಕ್ಷರ ಆಚೀಚೆಯಾಗದೆ.

ಹನ್ನೆರಡನೆಯವಳು ಮ್ಬೇರಿಕ, ಮೀನು ಒಣಗಿಸುವವಳು.
ಕೂರೆಂದರೆ ಕೂರಲಿಲ್ಲ.
'ಎಣಿಕೆ ಎಂದಿನಿಂದ ಅಯ್ಯಾ?
ಅವನು ಹೋದಂದಿನಿಂದಲೋ,
ಫೋನು ನಿಂತಂದಿನಿಂದಲೋ,
ನಾನು ಈ ಮೆಟ್ಟಿಲು ಹತ್ತಿದಂದಿನಿಂದಲೋ?
ನಾಚಿಕೆಗೆ ಬರಲಿಲ್ಲ, ಮೂರು ವರ್ಷ.'

ನನ್ನ ಪೆನ್ನಿಗೆ ಉತ್ತರ ಗೊತ್ತಿತ್ತು: ದೂರು ಕೊಟ್ಟ ದಿನದಿಂದ.
ಶೇಖರು ಬಾಯಿ ತೆರೆದರು. ಮುಚ್ಚಿದರು.
ಅಸರ್ ನಮಾಜಿಗೆ ಇನ್ನೂ ಹೊತ್ತಿತ್ತು,
ಎದ್ದು ಚಪ್ಪಲಿ ಮೆಟ್ಟಿದರು.

ಮೂರು ದಿನ ಬಂದರಿನಲ್ಲಿ ಕೂತರು,
ಬಲೆ ಹೊಲಿಯುವವರ, ಇಂಜಿನು ಬಿಚ್ಚುವವರ ನಡುವೆ.
ಕೇಳಿದ್ದು ಒಂದೇ:
ಜನವರಿಯಲ್ಲಿ ಈ ನೀರಿಗೆ ಬಿದ್ದವನು ಎಷ್ಟು ಹೊತ್ತು?
ಮುದುಕ ಬಾಬಯೆರೊ ನಕ್ಕನಂತೆ,
'ನೀರಿಗಿಳಿದ ಮೇಲೆ ಚಳಿಯೇನು ಅನ್ನುವವರು
ಈ ನೀರು ಕಂಡಿಲ್ಲ, ಶೇಖ್.
ಒಂದು ರಾತ್ರಿ ಬಹಳವಾಯಿತು.'

ನಾಲ್ಕನೆಯ ದಿನ ಹೇಳಿದರು, ನಾನು ಬರೆದೆ:
ಯುದ್ಧದಲ್ಲಿ ಕಾಣೆಯಾದವನಿಗೆ
ನಾಲ್ಕು ವರ್ಷದ ಲೆಕ್ಕವಿಲ್ಲವೆಂದು ಹಿರಿಯರೇ ಹೇಳಿದ್ದಾರೆ.
ಈ ಕಡಲೂ ಯುದ್ಧವೇ.
ಆ ದೋಣಿಯ ಹಲಗೆ ದಡಕ್ಕೆ ಬಂದ ವಾರದಿಂದ
ಇವಳು ವಿಧವೆ. ಇದ್ದತ್ತು ಎಂದೋ ಮುಗಿದಿದೆ.

ಒಂದು ಬೇಸಿಗೆ ಪೂರ್ತಿ ಬೈದರು, ರೇಡಿಯೋದಲ್ಲಿ, ಜುಮ್ಮಾಗಳಲ್ಲಿ.
ಬೈಗುಳಕ್ಕಲ್ಲ ಅವರು ನಿದ್ದೆಗೆಟ್ಟದ್ದು.
'ಆ ಹನ್ನೊಂದು ಹೆಸರು ತೆಗೆ' ಎಂದರು,
'ತಪ್ಪಾಯಿತೆಂದು ಹೇಳಿ ಬಾ.'

ಹೋದೆ. ಇಬ್ಬರು ಊರು ಬಿಟ್ಟಿದ್ದರು.
ಒಬ್ಬಳು ಮರುಮದುವೆಯಾಗಿ ಅವಳಿ ಹೆತ್ತಿದ್ದಳು.
ಎರಡು ತಿಂಗಳು ಬಾಕಿಯಿದ್ದವಳೊಬ್ಬಳು
ನನ್ನೆದುರೇ ಕ್ಯಾಲೆಂಡರು ಹರಿದು ಒಲೆಗೆ ತುರುಕಿದಳು.
ಖದ್ದೂಜ ಮಾತ್ರ ಅಕ್ಕಿಯಲ್ಲಿ ಕಲ್ಲು ಆರಿಸುತ್ತಲೇ ಇದ್ದಳು.
'ನಾಲ್ಕು ವರ್ಷ, ನಾಲ್ಕು ತಿಂಗಳು, ಹತ್ತು ದಿನ.
ಒಂದೊಂದನ್ನೂ ನಾನೇ ಎಣಿಸಿದ್ದು.
ಈಗ ಬಂದು ಬೇಕಿರಲಿಲ್ಲ ಅನ್ನಬೇಡ.
ಅದು ನನ್ನದು, ಹೇಳು ನಿನ್ನ ಶೇಖರಿಗೆ.'

ಹೇಳಿದೆ.
ಚಹಾದ ಲೋಟ ತಿರುಗಿಸುತ್ತ ಬಹಳ ಹೊತ್ತು ಕೂತಿದ್ದರು.
'ಇದನ್ನೂ ಬರೆದುಕೋ' ಎಂದರು.
ಯಾವ ಬಾಬತ್ತಿಗೆ, ಎಂದೆ.
ಕೆಳಗೆ ಮಂಜುಗಡ್ಡೆಯ ಲಾರಿ ಬಂದು ಗಲಾಟೆ,
ಕೇಳಿಸಲಿಲ್ಲವೋ ಏನೋ.

ಹದಿನೇಳನೆಯ ದಫ್ತರಿನಲ್ಲಿ ಒಂದು ಪುಟಕ್ಕೆ ತಲೆಬರಹವಿಲ್ಲ.
ಅವಳ ಮಾತು ಇದೆ, ಅವಳು ಆಡಿದ ಹಾಗೇ.
ಕೆಳಗೆ ಮೊಹರು,
ತುಸು ಓರೆಯಾಗಿ ಬಿದ್ದಿದೆ.