ಹದಿಮೂರು ಫಾರ್ಮು

ಪ್ರತಿ ಒಂದಽ. ಓದೋರು ಏಳು ಮಂದಿ.
ಬೈಂಡಿಂಗಿನಾಕಿ ನಾನು, ಕತ್ತಿ ನನ್ನ ಕೈಯಾಗಿತ್ತು.
ರಟ್ಟು ಸುಲಿದೆ, ಅಂಟು ಕೆರೆದೆ, ದಾರ ಕಡಿದೆ.
ಹದಿನಾರು ಪುಟದ್ದು ಒಂದೊಂದು, ಹದಿಮೂರು ಫಾರ್ಮು.
ಸಿಕ್ಕಂಗ ಹಂಚಿದೆ, ಆರು ಮಂದಿಗೆ ಎರಡೆರಡು,
ಕಟ್ಟಕಡೀದು ಒಂದಽ ಒಂದು ಸಕ್ಕೂಬಾಯಿಗೆ.
'ನನಗ್ಯಾಕ ಒಂದು?'
'ನೀ ಸಾವಕಾಶ ಓದತೀ.'
ಅಕಿ ಮಾತಾಡಲಿಲ್ಲ. ಬಿಸಿ ರೊಟ್ಟಿ ಸುತ್ತಿಕೊಂಡಂಗ
ಸೆರಗಿನಾಗ ಸುತ್ತಿಕೊಂಡು ಹೋದ್ಲು.

ಕತಿ ಇಷ್ಟು: ಯಾವುದೋ ಊರು, ಮುಂದ ಯಾವಾಗೋ ಬರೋ ಕಾಲ.
ಒಂದು ಮುಂಜಾನೆ ಸರಕಾರದ ಬಡಿಗೇರು ಬರತಾರ,
ಮನಿಮನಿ ಹೊಕ್ಕು ಒಳಚಿಲಕ ಬಿಚ್ಚಿಕೊಂಡು ಹೋಗತಾರ.
ಹೊರಗಿನ ಚಿಲಕ ಹಂಗಽ ಇರತಾವ.
ರಸೀದಿ ಕೊಡತಾರ, ಚಿಲಕ ಇಷ್ಟು, ತೂಕ ಇಷ್ಟು.

ಎರಡನೇ ಐತವಾರ, ಬೆಟಗೇರಿ,
ಇಂದುಮತಿ ಬಾಕಳೆಯ ಮಗ್ಗದ ಮನಿ.
ಅರ್ಧ ನೇಯ್ದ ಸೀರಿಗೆ ಚಾದರ ಹೊಚ್ಚಿ
ಮಿರ್ಚಿ ಮಂಡಕ್ಕಿ ದೂರ ಇಟ್ಟಿದ್ಲು.
ಮಗ್ಗದ ಕುಣಿಯಾಗ ಕಾಲು ಇಳಿಬಿಟ್ಟು
ಫಮೀದಾ ಸುರು ಮಾಡಿದ್ಲು:
'ನಮ್ಮಾಕಿ ಹನ್ನೊಂದು ವರ್ಷದ ಹುಡುಗಿ,
ಬಡಿಗ್ಯಾನ ಡಬ್ಬಿಯಿಂದ ಒಂದು ಮೊಳಿ ಕದೀತಾಳ.'
'ಎಲ್ಲೀ ಹುಡುಗಿ? ಅಕಿ ಇನ್ಸ್‌ಪೆಕ್ಟರು' ಅಂದ್ಲು ನೀಲಗಂಗಾ ಟೀಚರು,
'ರಾತ್ರಿ ಮಂದಿ ಬಾಗಿಲ ತಳ್ಳಿ ನೋಡೂದು ಕೆಲಸ.
ಒಂದನೇ ತಾರೀಖಿಗೆ ಪಗಾರ.'
'ಸುಳ್ಳು! ನಮ್ಮಾಕಿ ಹಂತಾಕಿ ಅಲ್ಲ!'
'ನಿಂದು ಎರಡನೇ ಫಾರ್ಮು, ತಂಗಿ. ನಂದು ಒಂಬತ್ತನೇದು.'

ನಡುವ ಆರು ಫಾರ್ಮು.
ಅದರಾಗ ಎರಡು ನನ್ನ ಹತ್ತರ ಇದ್ದವು.
ಅಕಿಗೆ ಯಾರೂ ಹೊಡೆದಿರಲಿಲ್ಲ, ಬಡದಿರಲಿಲ್ಲ,
ಬರೇ, ಊಟ ಆತೇನು ಅಂತ ಯಾರೂ ಕೇಳಿರಲಿಲ್ಲ.
ಇಷ್ಟಕ್ಕಽ ಒಬ್ಬಾಕಿ ಹಂಗ ಆಗತಾಳೇನು?
ನಾ ಬಾಯಿ ಬಿಡಲಿಲ್ಲ.

ಗುರುಸಿದ್ದವ್ವ ಕನ್ನಡಕ ಒರಸಿದ್ಲು.
'ಇದಕ್ಕ ಮುಂದಿನ ಕಾಲ ಅಂತ ಯಾರು ಅಂದರು?
ನಮ್ಮ ಖೋಲಿಗೆ ಒಳಚಿಲಕ ಬಂದದ್ದು
ನಾ ಮದಿವ್ಯಾಗಿ ಇಪ್ಪತ್ತು ವರ್ಷಕ್ಕ.
ಅದೂ ಕಳ್ಳರ ಅಂಜಿಕಿಗೆ.'
ನಕ್ಕಿವಿ. ಮಿರ್ಚಿ ಆರೂತನಕ ನಕ್ಕಿವಿ.
ನಗೂದು ಯಾವಾಗ ನಿಂತಿತೋ, ಯಾರೂ ನೋಡಲಿಲ್ಲ.

ಆರು ಹೊಡೆದ ಮ್ಯಾಲೆ ಸಕ್ಕೂಬಾಯಿ ಬಂದ್ಲು.
ಅಕಿ ಫಾರ್ಮು ಹಪ್ಪಳದಂಗ ಉಬ್ಬಿತ್ತು.
'ಬಚ್ಚಲಾಗ ಓದೇನಿ. ನಮ್ಮಲ್ಲಿ ಒಳಚಿಲಕ ಇರೋದು ಅಲ್ಲೊಂದಽ.
ಬಕೀಟು ಬೋರಲು ಹಾಕಿ ಕೂತು,
ನಡನಡುವ ಒಂದು ಚರಗಿ ನೀರು ಸುರುವತಿದ್ದೆ,
ಹೊರಗಿನವರಿಗೆ ಕೇಳಲಿ ಅಂತ.
ಎಂಟು ದಿನಕ್ಕೊಮ್ಮೆ ಬರೋ ನೀರು!
ಹದಿನಾರು ಪುಟಕ್ಕ ಎರಡು ಕೊಡ ಖರ್ಚಾತು.'
ಕಡೀ ಎರಡು ಪುಟ ಒಂದಕ್ಕೊಂದು ಅಂಟಿದ್ದವು.
ಬಿಡಿಸಿದರ ಹರೀತಾವ. ಕಾಗದ ನನಗ ಗೊತ್ತು.
'ನೀ ಓದೀಯಲ್ಲ, ಹೇಳು, ಕಡೀಕ ಏನಾತು?'
'ಹೇಳೂದಿಲ್ಲ.
ನನಗ ಒಂದಽ ಕೊಟ್ಟೀರಲ್ಲ' ಅಂದ್ಲು,
ಮಂಡಕ್ಕಿಗೆ ಕೈ ಹಾಕಿದ್ಲು.

ಸೋಮವಾರ ಹೊಲಿದೆ.
ಒಂದರ ಮ್ಯಾಲೊಂದು, ಹದಿಮೂರೂ.
ಪ್ರೆಸ್ಸಿನಾಗಿಟ್ಟು ತಿರುಪು ಬಿಗಿದೆ, ಒಂದು ರಾತ್ರಿ, ಇನ್ನೊಂದು ರಾತ್ರಿ.
ಕಡೀ ಫಾರ್ಮು ಕೂಡಲಿಲ್ಲ.
ಎಷ್ಟು ಒತ್ತಿದರೂ ರಟ್ಟು ಬೆರಳಷ್ಟು ಎದ್ದಽ ಇರತೈತಿ.
ಮಾಲಕ ನೋಡಿ, 'ಕೆಲಸ ಕೆಟ್ಟೈತಿ' ಅಂದ.
ಇರಲಿ ಬಿಡ್ರಿ ಅಂದೆ.

ಸಂಜಿಮುಂದ ಟಾಂಗಾಕೂಟಿನ ಹಾರ್ಡ್‌ವೇರ್ ಅಂಗಡಿ.
'ಒಳಚಿಲಕ ಐತೇನ್ರಿ?'
ಅಂವ ಒಂದು ತಗದಿಟ್ಟ.
'ಹೊರಗಿಂದೂ ಇದಽ ರೀ ಅಕ್ಕಾರ.
ಚಿಲಕಕ್ಕೇನು ಗೊತ್ತು,
ಬಡಿಯೋರು ಯಾವ ಕಡಿ ನಿಂತಾರ ಅನ್ನೂದರ ಮ್ಯಾಲೆ.'
ಏಳು ಕೊಡು ಅಂದೆ.
ರೊಕ್ಕ ಎಣಿಸಿದೆ. ಸಾಲಲಿಲ್ಲ.
ಎರಡು ತಗೊಂಡೆ, ಸ್ಕ್ರೂ ಕಾಗದದಾಗ ಕಟ್ಟಿಕೊಟ್ಟ.
ಒಂದು ಸಕ್ಕೂಗ.
ಇನ್ನೊಂದು ಯಾರಿಗೆ,
ಹೇಳೂದಿಲ್ಲ.