ಸೋದರತ್ತೆ

ಕೈಪಟ್ಟಿಯ ಮೇಲೆ ಬರೆದಿದ್ದಾರೆ: ಬೇಬಿ ಆಫ್ ಸುಗುಣ.
ಹನ್ನೊಂದು ದಿನದ ಕೂಸಿಗೆ ಅಷ್ಟೇ ಗುರುತು.
ಮಂಡ್ಯದ ದೊಡ್ಡಾಸ್ಪತ್ರೆ. ಗಾಜಿನಾಚೆ ಅದು,
ಈಚೆ ನಾನು, ನನ್ನ ಬಾಯಿ.

ಹುಟ್ಟಿದ ಮೂರನೇ ದಿನ ಕೆರಗೋಡಿನ ಬಸ್ಸಿಳಿದು ಬಂದಿದ್ದೆ,
ಕಾಲ್ಗಡಗ, ಉಣ್ಣೆಯ ಕುಲಾವಿ, ಒಂದು ಡಬ್ಬ ತುಪ್ಪ.
ಕೆಳತುಟಿಯ ಅಂಚಿಗೆ ಒಂದು ಗುಳ್ಳೆ.
ಪ್ರತಿ ಚಳಿಗಾಲ ಏಳುತ್ತದೆ, ಒಣಗುತ್ತದೆ,
ಯಾರೂ ಕೇಳುವುದಿಲ್ಲ.
ಅಣ್ಣನ ಮೂಗು, ನಮ್ಮವ್ವನ ಹಣೆ!
ನೆತ್ತಿಗೆ ಮುತ್ತಿಟ್ಟೆ. ಎಷ್ಟೋ, ಎಣಿಸಿರಲಿಲ್ಲ.
ಈಗ ಎಣಿಸುತ್ತೇನೆ.

ಹತ್ತನೇ ದಿನ ಮೊಲೆ ಹಿಡಿಯಲಿಲ್ಲ. ನಿದ್ದೆಗಣ್ಣು ಅಂದೆವು.
ನೆತ್ತಿಯಲ್ಲಿ ರಾಗಿಕಾಳಿನಷ್ಟು ಮೂರು ಗುಳ್ಳೆ. ಕುಲಾವಿಯ ಸೆಕೆ ಅಂದೆವು.
ಎಡಗಾಲು ಸೈಕಲ್ಲು ತುಳಿದ ಹಾಗೆ ಆಡಿತು, ನಿಲ್ಲದೆ.
ನಕ್ಕೆವು, ಫೋನಿನಲ್ಲಿ ಹಿಡಿದೆವು.
ಆ ವಿಡಿಯೊ ನೋಡಿದ ಡಾಕ್ಟರಮ್ಮ ಕುರ್ಚಿ ಬಿಟ್ಟೆದ್ದರು.

ಬೆನ್ನಿನಿಂದ ನೀರು ತೆಗೆದರು. ವೈರಸ್ಸು, ಮಿದುಳಿಗೇರಿದೆ ಅಂದರು.
ಮನೆಯಲ್ಲಿ ಯಾರಿಗಾದರೂ ತುಟಿಯ ಮೇಲೆ ಗುಳ್ಳೆ?
ಅಣ್ಣ ಇಲ್ಲವೆಂದ. ಸುಗುಣ ಇಲ್ಲವೆಂದಳು.
ಅಷ್ಟು ಹೊತ್ತಿಗೆ ನನ್ನ ತುಟಿ ವಾಸಿಯಾಗಿತ್ತು,
ಹಕ್ಕಳೆ ಕೂಡ ಉಳಿದಿರಲಿಲ್ಲ.
ನಾಲಿಗೆಯಿಂದ ಮುಟ್ಟಿ ನೋಡಿಕೊಂಡೆ.
ನಂಗಿತ್ತು, ಅಂದೆ.

ಯಾರೂ ಬೈಯಲಿಲ್ಲ.
ಅಣ್ಣ ಟೀ ತರಲು ಹೋದವನು ಬರಿಗೈಲಿ ಬಂದ.

ಇಪ್ಪತ್ತೊಂದು ದಿನ, ಎಂಟು ಗಂಟೆಗೊಂದು ಸಲ,
ಕೂದಲೆಳೆಯಂಥ ನರದೊಳಕ್ಕೆ ತೊಟ್ಟಿಕ್ಕುವ ಔಷಧಿ.
ಸಕ್ಕರೆ ಕಾರ್ಖಾನೆ ಕಡೆಯ ಗಾಳಿ ತಿರುಗಿದರೆ
ಕಾರಿಡಾರಿನ ತುಂಬ ಕಾಕಂಬಿಯ ಹುಳಿವಾಸನೆ.
ಮೂಗಿಗೆ ಸೆರಗು ಹಿಡಿದವರ ನಡುವೆ
ನಾನು ಬಾಯಿಗೆ ಹಿಡಿದು ಕೂತಿದ್ದೆ.

ಬಾಲಗ್ರಹ ಕಣವ್ವ, ತಾಯತ ಕಟ್ಟಿಸಿ, ಅಂದಳು
ಪಕ್ಕದ ಕೂಸಿನ ಅಜ್ಜಿ.
ಅಲ್ಲಜ್ಜಿ, ನಾನು, ಅಂದೆ.
ಅವಳಿಗೆ ಕೇಳಿಸಲಿಲ್ಲವೋ ಏನೋ.

ಕೂಸು ಉಳಿಯಿತು.
ಉಳಿಯಿತು ಅಂದರೆ, ಮೊಲೆ ಹಿಡಿಯುತ್ತದೆ, ಅಳುತ್ತದೆ.
ಆರು ತಿಂಗಳು ಸಿರಪ್ಪು.
ಎಡಗೈಯ ಮುಷ್ಟಿ ಇನ್ನೂ ತೆರೆಯಲೊಲ್ಲದು.
ಕಣ್ಣು, ಕಿವಿ? ವರ್ಷ ಕಳೆಯಲಿ, ಅಂದಿದ್ದಾರೆ.

ಇವತ್ತು ಹೆಸರಿಡುವುದು.
ಎಲೆಅಡಿಕೆ ತಟ್ಟೆಯ ನೆಪದಲ್ಲಿ ಹೊಸಿಲಾಚೆ ನಿಂತೆ, ಮಾಸ್ಕು ಹಾಕಿ.
ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ;
ಅದಕ್ಕೆ ಇನ್ನೊಬ್ಬಳಿಲ್ಲ.
ಸುಗುಣ ಕೂಸನ್ನೆತ್ತಿಕೊಂಡು ಎದ್ದು ಬಂದಳು,
ಬಲಗಿವಿ ನನ್ನ ಕಡೆ ಮಾಡಿ, ಒಂದು ಗೇಣು ಬಿಟ್ಟು, ನಿಂತಳು.
ನನ್ನ ಮುಖ ನೋಡಲಿಲ್ಲ.
ಹೇಳು, ಅಂದಳು.

ಮೂರು ಸಲ ಹೇಳಬೇಕು.
ಮಾಸ್ಕಿನೊಳಗೆ ಹೆಸರು ಬಿಸಿಯಾಗಿ
ತಿರುಗಿ ನನ್ನ ತುಟಿಗೇ ತಾಗಿತು.
ಎರಡನೇ ಸಲಕ್ಕೆ
ಕೂಸು ಕತ್ತು ಹೊರಳಿಸಿತು,
ನನ್ನ ಕಡೆಗೋ, ಬೆಳಕಿನ ಕಡೆಗೋ.